ಕಡಿದದ್ದು ನಾನು ಎಂದವರು

ಹವಾಲ್ದಾರರ ಎಡಕಿವಿಯಲ್ಲಿ ಯಾವಾಗಲೂ ಹತ್ತಿಯ ಉಂಡೆಯೊಂದು ಇರುತ್ತಿತ್ತು. ಸೈನ್ಯದಲ್ಲಿ ಬಂಡೆ ಸಿಡಿಸುವ ಕೆಲಸದಲ್ಲಿ ಹಾಳಾದ ಕಿವಿ, ಮಳೆಗಾಲದಲ್ಲಿ ಸೋರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಇಡೀ ಮೈ ತಿರುಗಿಸಿ ಬಲಕಿವಿಯನ್ನು ಅವರ ಬಾಯಿಯ ಹತ್ತಿರ ತರುತ್ತಿದ್ದರು. ಹಾಗೆ ಕಿವಿ ಕೊಟ್ಟವರಿಗೆ ಸುಳ್ಳು ಹೇಳುವುದು ಕಷ್ಟ. ನಾನು ಹೇಳಿದ್ದೇನೆ.

ನಿವೃತ್ತರಾಗಿ ನೆರಿಯದ ಕಾಡಂಚಿನ ನಮ್ಮೂರಿಗೆ ಬಂದವರು ಸುಮ್ಮನೆ ಕೂರಲಿಲ್ಲ. ಮೊದಲು ಕೋಳಿ ಸಾಕಿದರು. ಅರ್ಧ ಕೋಳಿಗಳನ್ನು ಕಾಡುಬೆಕ್ಕು ತಿಂದಿತು, ಉಳಿದರ್ಧವನ್ನು ನೆಂಟರು. ಆಮೇಲೆ ಹಳೆಯದೊಂದು ರಬ್ಬರ್ ಶೀಟ್ ಒತ್ತುವ ಮಿಷನ್ ತಂದು ಅಂಗಳದಲ್ಲಿ ಕೂರಿಸಿದರು. ಸ್ವಂತ ಮಿಷನ್ ಇಲ್ಲದವರೆಲ್ಲ, ಹೊಳೆಯ ಆಚೆಯವರೂ ಈಚೆಯವರೂ, ಅಲ್ಲಿಗೇ ಬರುತ್ತಿದ್ದರು.

ಆಚೆ ದಡದವರಿಗೆ ಮಳೆಗಾಲದಲ್ಲಿ ಹೊಳೆ ದಾಟಲು ಅಡಿಕೆ ಮರದ ಕಾಲುಸಂಕವೇ ಗತಿ. ಅದು ವರ್ಷ ವರ್ಷ ಕೊಚ್ಚಿಹೋಗುತ್ತಿತ್ತು. ಹವಾಲ್ದಾರರು ಮಂಗಳೂರಿನ ಗುಜರಿಯಿಂದ ಕಬ್ಬಿಣದ ಕೇಬಲ್ ತಂದು, ಮನೆಗೊಂದು ಆಳು ಎಬ್ಬಿಸಿ ತೂಗುಸೇತುವೆ ಕಟ್ಟಿಸಿದರು. "ಅರ್ಜಿಯೂ ಕೊಡುವ, ಗುಂಡಿಯೂ ತೋಡುವ" ಎನ್ನುವುದು ಅವರ ಮಾತು. ಕೆಲಸಕ್ಕೆ ಬಾರದವನ ಮನೆಯೆದುರು ನಿಂತು, "ಇವನಿಗೆ ಹುಷಾರಿಲ್ಲವಾ? ಗಂಜಿ ಮಾಡಿಸಿ ಕಳಿಸಲಾ?" ಎಂದು ಊರಿಗೆಲ್ಲ ಕೇಳುವಂತೆ ಅವನ ಹೆಂಡತಿಯನ್ನು ವಿಚಾರಿಸುತ್ತಿದ್ದರು. ನಾನೂ ಒಮ್ಮೆ ಆ ಗಂಜಿಗೆ ಹೆದರಿ ಎದ್ದು ಹೋದವನೇ.

ಒಂದು ಮಳೆಗಾಲದಲ್ಲಿ ಗುಡ್ಡ ಜರಿದು ಬೇರುಸಮೇತ ಮರಗಳು ತೇಲಿಬಂದವು. ಎಲ್ಲವೂ ಸೇತುವೆಗೆ ಅಡ್ಡ ಸಿಕ್ಕಿಕೊಂಡು, ನೀರು ಈಚೆಯ ಐದು ಮನೆಗಳ ಕಡೆ ತಿರುಗಿತು. ಅದರಲ್ಲಿ ನನ್ನದೂ ಒಂದು. ಮೆಟ್ಟಿಲ ಮೇಲೆ ಹೆಂಡತಿ ನಮ್ಮ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಸುತ್ತ ನೀರು. ಹವಾಲ್ದಾರರು ಕಬ್ಬಿಣ ಕೊಯ್ಯುವ ಗರಗಸ ಹಿಡಿದು ಬಂದರು. ಈ ಬದಿಯ ಕೇಬಲ್ ಕಡಿದರೆ ಸೇತುವೆ ಸರಿದು ಮರಗಳು ಹರಿದುಹೋಗುತ್ತವೆ, ಬೇರೆ ದಾರಿಯಿರಲಿಲ್ಲ.

ಅಮ್ಮ ಆಚೆ ದಡದಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಂದು ಬೆಳಿಗ್ಗೆಯೇ ಅಣ್ಣ ಫೋನ್ ಮಾಡಿದ್ದ: "ಅಮ್ಮನಿಗೆ ಜ್ವರ, ಉಸಿರು ಕಟ್ಟುತ್ತಾ ಉಂಟು. ಮಳೆ ಸ್ವಲ್ಪ ಬಿಟ್ಟರೆ ಹೊತ್ತುಕೊಂಡು ಬರ್ತೇವೆ, ಆಸ್ಪತ್ರೆಗೆ ಹೋಗುವ."

ಗರಗಸ ಇಡುವ ಮೊದಲು ಹವಾಲ್ದಾರರು ನನ್ನ ಹತ್ತಿರ ಬಂದರು. "ನಿನ್ನ ಅಮ್ಮನಿಗೆ ಹುಷಾರಿಲ್ಲ ಅಂತ ಕೇಳಿದೆ. ಈಚೆ ತರಲಿಕ್ಕುಂಟಾ? ಉಂಟಾದರೆ ಹೇಳು, ಈಗ ನಾನೇ ಹೋಗ್ತೇನೆ." ಬಲಕಿವಿಯನ್ನು ನನ್ನ ಬಾಯಿಗೆ ತಂದರು.

ಹೋಗಿಬರಲು ಅರ್ಧ ಗಂಟೆಯಾದರೂ ಬೇಕು. ನಾನು ಮನೆಯ ಕಡೆ ನೋಡಿದೆ. ಮೆಟ್ಟಿಲು ಎರಡು ಉಳಿದಿದ್ದವು.

"ಜ್ವರ ಬಿಟ್ಟಿದೆಯಂತೆ. ನೀವು ಕಡಿಯಿರಿ" ಎಂದೆ.

ಅವರು ಕಡಿದರು. ಐದು ಮನೆಗಳೂ ಉಳಿದವು. ಮರುದಿನ ಅಣ್ಣನೂ ನೆರೆಯವರೂ ಅಮ್ಮನನ್ನು ಕುರ್ಚಿಗೆ ಕಟ್ಟಿ ಕಾಡಿನ ಸುತ್ತುದಾರಿಯಲ್ಲಿ ಹೊತ್ತು ತಂದರು. ಅವಳು ದಾರಿಯಲ್ಲೇ ತೀರಿಕೊಂಡಳು.

ಹೆಣ ನಮ್ಮ ಅಂಗಳದಲ್ಲಿರುವಾಗ ಅಣ್ಣ ಎಲ್ಲರೆದುರು ಕೇಳಿದ: "ನಮ್ಮನ್ನು ಕೇಳದೆ ಸೇತುವೆ ಕಡಿದದ್ದು ಯಾರು?"

"ಕಡಿದದ್ದು ನಾನು. ಯಾರನ್ನೂ ಕೇಳಲಿಲ್ಲ" ಎಂದರು ಹವಾಲ್ದಾರರು. ನಾನು ಅವರ ಪಕ್ಕದಲ್ಲೇ ಇದ್ದೆ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಆಚೆ ದಡದವರು ಹವಾಲ್ದಾರರ ಅಂಗಳಕ್ಕೆ ಬರುವುದನ್ನು ಬಿಟ್ಟರು. ಮಿಷನ್‌ಗೆ ತುಕ್ಕು ಹಿಡಿಯಿತು. ಅವರು ಮಾತ್ರ ವಾರಕ್ಕೊಮ್ಮೆ ಅರ್ಜಿ ಹಿಡಿದು ಬೆಳ್ತಂಗಡಿಯ ಕಚೇರಿಗೆ ಹೋಗುತ್ತಲೇ ಇದ್ದರು, ಕಾಂಕ್ರೀಟ್ ಸೇತುವೆ ಆಗುವವರೆಗೂ. ಅದರ ಉದ್ಘಾಟನೆಯ ದಿನ ಹಿಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಆಚೆಯವರೊಬ್ಬರೂ ಮಾತಾಡಿಸಲಿಲ್ಲ.

ಅಂದು ತಡೆಯಲಾರದೆ ಅವರ ಬಳಿ ಹೋಗಿ, "ಅಣ್ಣನಿಗೆ ನಿಜ ಹೇಳಿಬಿಡ್ತೇನೆ" ಎಂದೆ.

"ಸುಮ್ಮನಿರು ಮಾರಾಯ. ಅವನಿಗಿರುವುದು ನೀನೊಬ್ಬನೇ ತಮ್ಮ. ನನ್ನನ್ನು ಬೈದುಕೊಳ್ಳಲಿ, ನನಗೆ ಹೇಗೂ ಒಂದು ಕಿವಿ ಕೇಳುವುದಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರು ಸುಮ್ಮನಿರು ಎಂದದ್ದು ನನಗೆ ಎಷ್ಟು ಅನುಕೂಲವಾಗಿತ್ತು!

ಕಳೆದ ಆಟಿ ತಿಂಗಳಲ್ಲಿ ಮೂಡಬಿದಿರೆಯ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ಊರಿಗೆ ತಂದ ಹೆಣವನ್ನು ನೋಡಲು ಆಚೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಉತ್ತರಕ್ರಿಯೆಯ ಊಟಕ್ಕೂ ಇಲ್ಲ. ಆ ಮಧ್ಯಾಹ್ನ ನಾನು ಎಲೆಯ ಮುಂದಿನಿಂದ ಎದ್ದು, ಹೊಳೆ ದಾಟಿ, ಅಣ್ಣನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅಣ್ಣ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ಉಳಿದ ಹುಲ್ಲನ್ನೂ ಬಿಡಿಸಿ ದನದ ಮುಂದೆ ಹಾಕಿದ.

"ದಾರಿಯಲ್ಲಿ ಎದುರು ಸಿಕ್ಕಿದಾಗೆಲ್ಲ ಅವರು ನಿಂತು ಕೈ ಎತ್ತುತ್ತಿದ್ದರು" ಎಂದ ಕೊನೆಗೆ. "ನಾನು ಉಗಿದು ಹೋಗ್ತಿದ್ದೆ."