ಎಡಗಾಲಿಗೆ ಕಲಿಸಿದ ಲಯ

ನಮ್ಮ ಆಲ್ಬಮ್ಮಿನ ರೆಕಾರ್ಡಿಂಗಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಬೆಂಗಳೂರಿನ ಹೂಡಿಯ ಹತ್ತಿರ ನನ್ನ ಸ್ಕೂಟರ್ ಜಲ್ಲಿಯ ಮೇಲೆ ಜಾರಿತು. ಎಡಗೈ ಮಣಿಕಟ್ಟು ಮುರಿಯಿತು. ನಾನು ಡ್ರಮ್ಸ್ ನುಡಿಸುವವಳು. ತಂಡ ಕಟ್ಟಿದವಳೂ, ಆಲ್ಬಮ್ಮಿನ ಎಲ್ಲ ರಚನೆಗಳನ್ನು ಮಾಡಿದವಳೂ ನಾನೇ. ಪ್ಲಾಸ್ಟರ್ ಹಾಕುವಾಗ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

ನಾವು ನುಡಿಸುವುದು ಆಫ್ರೊ-ಕ್ಯೂಬನ್ ಜಾಝ್. ಅದರ ಬೆನ್ನೆಲುಬು ಕ್ಲಾವೆ ಎಂಬ ಐದು ಪೆಟ್ಟುಗಳ ಲಯ. ಪಿಯಾನೊ, ಟ್ರಂಪೆಟ್ ಎಷ್ಟೇ ದೂರ ಅಲೆದರೂ ಕೊನೆಗೆ ಅದಕ್ಕೇ ಬಂದು ಸೇರಬೇಕು. ನನ್ನ ರಚನೆಗಳಲ್ಲಿ ಆ ಲಯವನ್ನು ಹಿಡಿಯುತ್ತಿದ್ದದ್ದು ಎಡಗೈ.

ಮರುದಿನ ಸಂಜೆ ಎಲ್ಲರೂ ವರ್ತೂರಿನಲ್ಲಿ ಸೇರಿದೆವು. ನಾವು ಅಭ್ಯಾಸ ಮಾಡುವ ಜಾಗ ಹಿಂದೆ ದನದ ಕೊಟ್ಟಿಗೆಯಾಗಿತ್ತು. ಹಸುಗಳನ್ನು ಮಾರಿದ ಮೇಲೆ ಮನೆಯೊಡತಿ ಅದನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು.

ಪಿಯಾನೊ ನುಡಿಸುವ ಗೆಳೆಯ ಮೊದಲು ಬಾಯಿಬಿಟ್ಟ. “ನೋಡು ಮಗಾ, ಬೇರೆ ಡ್ರಮ್ಮರ್‌ನ ಕರೆಸೋಣ. ಯಾರು ನುಡಿಸಿದ್ರೂ ಟ್ಯೂನ್ ಎಲ್ಲಾ ನಿಂದೇ ತಾನೆ?”

“ಡೇಟ್ ಮುಂದಕ್ಕೆ ಹಾಕಿದ್ರೆ?” ಎಂದೆ.

“ಅಣ್ಣ ಇರಲ್ವಲ್ಲ.”

ಅಣ್ಣ ಎಂದರೆ ನಮ್ಮ ಟ್ರಂಪೆಟ್‌ನವರು. ರೆಕಾರ್ಡಿಂಗ್ ಮುಗಿದ ಕೂಡಲೇ ಸಂಸಾರ ಸಮೇತ ಕೊಚ್ಚಿಗೆ ಹೋಗಿ ನೆಲೆಸುವವರಿದ್ದರು. ಅವರು ತಲೆ ತಗ್ಗಿಸಿ ಕೂತಿದ್ದರು. ಅವರ ಟ್ರಂಪೆಟ್ ಮನಸ್ಸಿನಲ್ಲಿಟ್ಟುಕೊಂಡೇ ನಾನು ಆಲ್ಬಮ್ಮಿನ ಸ್ವರಗಳನ್ನು ಬರೆದಿದ್ದೆ.

“ಹಾಗಾದ್ರೆ ನಾನೇ ನುಡಿಸ್ತೀನಿ,” ಎಂದೆ. “ಒಂದು ಕೈ, ಎರಡು ಕಾಲು ಇದೆಯಲ್ಲ.”



ಎಡಗಾಲಿನ ಪೆಡಲ್‌ಗೆ ಒತ್ತಿದಾಗಲೆಲ್ಲ ಟಕ್ಕೆನ್ನುವ ಒಂದು ಮರದ ತುಂಡು ಹೊಂದಿಸಿ, ಕ್ಲಾವೆಯನ್ನು ಕಾಲಿಗೆ ಕಲಿಸತೊಡಗಿದೆ. ಕಾಲು ಮೊಂಡು. ಬಲಗೈ ಸೇರಿತೋ ಇಲ್ಲವೋ, ಅದರ ಹಿಂದೆಯೇ ಓಡುತ್ತಿತ್ತು. ವೈಟ್‌ಫೀಲ್ಡಿನ ಆಫೀಸಿಗೆ ಹೋಗುವ ಕ್ಯಾಬಿನಲ್ಲೂ ತಟ್ಟುತ್ತಿದ್ದೆ. ಪಕ್ಕದವರೊಬ್ಬರು, “ಮೇಡಂ, ಸ್ವಲ್ಪ ಕಾಲು ನಿಲ್ಲಿಸ್ತೀರಾ? ತಲೆ ಸುತ್ತತ್ತೆ,” ಎಂದರು. ಅಂದಿನಿಂದ ಬೂಟಿನೊಳಗೆ ಹೆಬ್ಬೆರಳನ್ನಷ್ಟೇ ಆಡಿಸಿದೆ.

ಒಂದು ಸಂಜೆ ಮನೆಯೊಡತಿ ಬಾಗಿಲಲ್ಲಿ ನಿಂತು ನೋಡಿದರು. “ಏನವ್ವಾ, ಕೈ ಮುರ್ಕೊಂಡೂ ಸುಮ್ಕೆ ಕೂರಾಕಿಲ್ವಾ?”

“ಕೈ ಸುಮ್ನೇ ಇದೆ ಅಮ್ಮ. ಕಾಲಿಗೆ ಕೆಲಸ.”

“ಅಂಗಾದ್ರೆ ಆ ಕಾಲ್ಗಾದ್ರೂ ಒಸಿ ಎಣ್ಣೆ ಹಚ್ಕೋ,” ಎಂದು ಹರಳೆಣ್ಣೆ ಬಿಸಿ ಮಾಡಿ ತಂದರು.

ಮೂರನೆಯ ವಾರ ಒಂದು ದಿನ, ನನಗೇ ಗೊತ್ತಿಲ್ಲದಂತೆ ಕಾಲು ತನ್ನ ಪಾಡಿಗೆ ತಾನು ನಡೆಯತೊಡಗಿತು. ನಮ್ಮ ತಂಡದಲ್ಲಿ ಕಾಂಗಾ ಎಂಬ ಉದ್ದ ಡೋಲು ನುಡಿಸುವ ಹುಡುಗಿ ನನ್ನತ್ತ ಕಣ್ಣರಳಿಸಿದಳು. ಅಣ್ಣ ಎದ್ದು ನಿಂತು ಟ್ರಂಪೆಟ್ ಎತ್ತಿದರು.

ರೆಕಾರ್ಡಿಂಗಿನಲ್ಲಿ ಎಲ್ಲವೂ ದಕ್ಕಿತು, ಅತಿ ವೇಗದ ಕೊನೆಯ ರಚನೆಯೊಂದನ್ನು ಬಿಟ್ಟು. ಕಾಲಿಗೆ ಆ ವೇಗ ಎಟುಕದೆ ಅದು ಪ್ರತಿ ಸಲವೂ ಮಧ್ಯದಲ್ಲಿ ಕುಸಿಯಿತು. ಸ್ಟುಡಿಯೋದವರು, “ಕ್ಲಾವೆ ನಾನು ಕಂಪ್ಯೂಟರ್‌ನಲ್ಲಿ ಹಾಕ್ಬಿಡ್ತೀನಿ ಮೇಡಂ,” ಎಂದರು.

“ಬೇಡ ಸಾರ್. ನಿಧಾನ ಮಾಡಿ ನುಡಿಸ್ತೀವಿ.”

ವೇಗವನ್ನು ಅರ್ಧಕ್ಕೆ ಇಳಿಸಿದೆ. ನಮ್ಮ ಬಾಸ್ ಗಿಟಾರಿನವನು ಗೊಣಗುವ ಮೊದಲೇ ಶುರು ಮಾಡಿದೆ. ಓಡುತ್ತಿದ್ದ ಸ್ವರಗಳ ನಡುವೆ ಈಗ ಉಸಿರಾಡುವಷ್ಟು ಜಾಗವಿತ್ತು. ಅಣ್ಣ ಅಲ್ಲಿ ನಿಂತು, ನಾನು ಬರೆಯದಿದ್ದುದನ್ನೂ ನುಡಿಸಿದರು. ಮುಗಿದ ಮೇಲೆ ನಾನು ಎಡಗಾಲನ್ನು ಪೆಡಲಿನಿಂದ ತೆಗೆದು ಚಾಚಿದೆ. ಇನ್ನೊಂದು ಸಲ ಬೇಕೇ ಎಂದು ಯಾರೂ ಕೇಳಲಿಲ್ಲ.

ಆಲ್ಬಮ್ ಹೊರಬರುವ ಹೊತ್ತಿಗೆ ನನ್ನ ಕೈ ಕೂಡಿಕೊಂಡಿತ್ತು. ಅಣ್ಣ ಕೊಚ್ಚಿಯಿಂದ ಫೋನ್ ಮಾಡಿದರು. “ಆ ಕೊನೇದನ್ನ ಮಗಳಿಗೆ ಕೇಳಿಸ್ದೆ ಕಣಮ್ಮ. ಹಾಗೇ ನಿದ್ದೆ ಹೋಗ್ಬಿಟ್ಳು.”

ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.