ಬಣ್ಣದ ಮನೆಯ ನಡುಗೋಡೆ

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಗಿರಿಮಲ್ಲಪ್ಪ ಬಾಯಿ ಮುಚ್ಚಿಕೊಂಡಿರುವ ಪೈಕಿಯವನಲ್ಲ. ಪಕ್ಕದ ಬಣ್ಣದ ಮನೆ ರಾಮಲಿಂಗಪ್ಪನದು. ನಡುವೆ ಎದೆಯೆತ್ತರದ ಒಂದು ಗೋಡೆ. ಬಣ್ಣ ಕೆಟ್ಟರೆ ಇವನು ಇಲ್ಲಿಂದಲೇ ಕೇಳುತ್ತಿದ್ದ, ಅವನು ಅಲ್ಲಿಂದಲೇ ಹೇಳುತ್ತಿದ್ದ. ಇವನು ವೈನಿ ಎನ್ನುತ್ತಿದ್ದ ರಾಮಲಿಂಗಪ್ಪನ ಹೆಂಡತಿ ಕೊಡುವ ಚಹಾದ ಜೊತೆ ಅರ್ಧ ಕಸುಬೂ ಆ ಗೋಡೆ ದಾಟುತ್ತಿತ್ತು.

ಆಮೇಲೆ ರಾಮಲಿಂಗಪ್ಪ ಇವನ ಹೊಸ ಹಸಿರು ನೂಲಿನ ಫೋಟೋ ತೆಗೆದು ಜಮಖಂಡಿಯ ಸೀರೆ ವ್ಯಾಪಾರಿಗೆ ಕಳಿಸಿ, ಅದೇ ಬಣ್ಣವನ್ನು ತಾನು ಕಡಿಮೆ ದರಕ್ಕೆ ಹಾಕಿಕೊಡುತ್ತೇನೆಂದ. ಆರ್ಡರ್ ಅವನ ಪಾಲಾಯಿತು. ಆ ಹಸಿರಿಗೆ ನೀರು ಎಷ್ಟು ಕಾಯಬೇಕೆಂದು, ಏನೂ ಆಗದವನಂತೆ, ಇವನನ್ನೇ ಕೇಳಿದ. ಗಿರಿಮಲ್ಲಪ್ಪ ಬೇಕೆಂದೇ ತಪ್ಪು ಹೇಳಿದ. ನೂಲೆಲ್ಲ ಕಲೆಕಲೆಯಾಯಿತು. ಅಂದಿನಿಂದ ಮಾತಿಲ್ಲ. ತಪ್ಪು ಯಾರದೆಂದು ನನ್ನನ್ನು ಕೇಳಿದರೆ ಇಬ್ಬರ ಕಿವಿಯನ್ನೂ ಹಿಂಡುತ್ತೇನೆ.

ಮುಂದಿನ ಮಳೆಗಾಲದಲ್ಲಿ ಗಿರಿಮಲ್ಲಪ್ಪನ ಶೆಡ್ಡಿನ ಹೈಡ್ರೋಸ್ ಡ್ರಮ್ಮಿಗೆ ತೇವ ತಗುಲಿ ಹೊಗೆಯಾಡಿತು. ಹೈಡ್ರೋಸ್ ಎಂದರೆ ಬಣ್ಣ ಕರಗಿ ನೂಲಿಗೆ ಹಿಡಿಯಲು ಹಾಕುವ ಬಿಳಿ ಪುಡಿ. ಗಾಬರಿಯಲ್ಲಿ ಅದರ ಮೇಲೆ ಒಂದು ಕೊಡ ನೀರು ಸುರಿದ. ಭಗ್ಗನೆ ಎದ್ದ ಉರಿ ಹುಬ್ಬು ಸುಟ್ಟಿತು. ಆ ಬೆಂಕಿಗೆ ನೀರು ಹಾಕಬಾರದೆಂದು ಅವತ್ತು ಕಲಿತ. ಗೋಡೆಯಾಚೆ ಮಾತ್ರ ಹೇಳಲಿಲ್ಲ.

ಒಂದು ವರ್ಷ ಕಳೆದು, ಶ್ರಾವಣದ ಒಂದು ಬೆಳಿಗ್ಗೆ ಆಚೆಯಿಂದ ಬೆಂಕಿಕಡ್ಡಿ ಗೀರಿದಂಥ ಘಾಟು ಬಂತು. ಇಣುಕಿದ. ಅಲ್ಲಿನ ಹೈಡ್ರೋಸ್ ಡ್ರಮ್ಮಿನಿಂದ ಬಿಳಿ ಹೊಗೆ, ರಾಮಲಿಂಗಪ್ಪನ ಕೈಯಲ್ಲಿ ತುಂಬಿದ ಬಕೆಟ್. ಗಿರಿಮಲ್ಲಪ್ಪ ಗೋಡೆಯ ಮೇಲೆ ಬಾಗಿ ಕೂಗಿದ:

"ಅಣ್ಣಾ, ನೀರ ಹಾಕಬ್ಯಾಡ್ರಿ. ಉರಿ ಏಳತೈತಿ."

"ಹಸಿರ ಬಣ್ಣಕ್ಕೂ ಹಿಂಗ ಏನೋ ಹೇಳಿದ್ದಿ," ಎನ್ನುತ್ತ ರಾಮಲಿಂಗಪ್ಪ ಬಕೆಟ್ ಎತ್ತಿದ.

ಗಿರಿಮಲ್ಲಪ್ಪನಿಗೆ ತಿಳಿಯಿತು: ತನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಬೀದಿಗೆ ಓಡಿ ಜೀವ ಉಳಿಸಿಕೊಳ್ಳಬಹುದಿತ್ತು. ಗೋಡೆ ಹಾರಿ ಡ್ರಮ್ಮಿಗೂ ಬಕೆಟ್ಟಿಗೂ ನಡುವೆ ನಿಂತ. ಬೆನ್ನಿಗೆ ಕಾವು ಬಡಿಯುತ್ತಿತ್ತು.

"ಉರಿ ಎದ್ರ ಮೊದಲ ನಾನ ಸುಡ್ತೇನ್ರಿ. ಹಾಕ್ರಿ ಈಗ."

ರಾಮಲಿಂಗಪ್ಪ ಅವನ ಮುಖ ನೋಡಿದ, ಬಕೆಟ್ ಕೆಳಗಿಟ್ಟ. ನೂಲು ತಿರುವುವ ಬಿದಿರ ಕೋಲುಗಳಿಂದ ಇಬ್ಬರೂ ಡ್ರಮ್ಮನ್ನು ಅಂಗಳಕ್ಕೆ ತಳ್ಳಿದರು. ಅದು ಅಲ್ಲೇ ಉರಿದು ಆರಿತು.

"ಇದು ನಿನಗ ಮೊದಲ ಗೊತ್ತಿತ್ತೇನು?"

"ಹೋದ ವರ್ಷದಿಂದ ಗೊತ್ತಿತ್ರಿ."

ರಾಮಲಿಂಗಪ್ಪ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ನಿಮ್ಮ ವೈನಿ ದಿನಾ ಮಧ್ಯಾಹ್ನ ಮೊಮ್ಮಗನ್ನ ಆ ಡ್ರಮ್ಮಿನ ಬಾಜೂಕ ಮಲಗಸ್ತಾಳ."

ಉರಿಯೆದುರು ನಿಂತಿದ್ದ ಗಿರಿಮಲ್ಲಪ್ಪ ಆಗ ನೆಲದ ಮೇಲೆ ಕುಳಿತುಬಿಟ್ಟ.