ಅಕ್ಕನ ಅಂಗೈ ಗುರುತು

ನಾನು ಚಿಕ್ಕವನಿದ್ದಾಗ ಶಹಾಪುರದ ಸಂತೆಗೆ ಬರುವವರಲ್ಲಿ ಓದು ಬಲ್ಲವರು ಕಡಿಮೆ. ಅದಕ್ಕೇ ಪ್ರತಿ ಸಾಮಾನಿಗೂ ಒಂದು ಚಿತ್ರ ಇರುತ್ತಿತ್ತು. ಎಣ್ಣೆ ಡಬ್ಬಿಯ ಮೇಲೆ ಕೊಡ, ಸಾಬೂನಿನ ಮೇಲೆ ಜೋಡಿ ಮೀನು, ಚಹಾಪುಡಿಯ ಪೊಟ್ಟಣದ ಮೇಲೆ ನವಿಲು. ಜನ ಹೆಸರು ಹೇಳುತ್ತಿರಲಿಲ್ಲ, ನವಿಲಿನದು ಕೊಡ್ರಿ ಎನ್ನುತ್ತಿದ್ದರು. ನವಿಲಿನ ಬಾಲ ಸ್ವಲ್ಪ ಮೋಟಾಗಿ ಕಂಡರೂ ಖೊಟ್ಟಿ ಮಾಲು ಎಂದು ಹಿಂದಕ್ಕೆ ಇಟ್ಟುಬಿಡುತ್ತಿದ್ದರು. ನೀವು ಈಗ ಲೋಗೋ ಎನ್ನುವುದನ್ನು ನಾವು ಗುರುತು ಎನ್ನುತ್ತಿದ್ದೆವು.

ಆ ಗುರುತುಗಳನ್ನು ಕಟ್ಟಿಗೆಯಲ್ಲಿ ಕೆತ್ತಿ ಅಚ್ಚು ಮಾಡಿಕೊಡುವವನು ನಮ್ಮ ಅಪ್ಪ. ಮೊದಲು ತೆಳುವಾದ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಚಿತ್ರ ಬರೆಯುತ್ತಿದ್ದ. ಆ ಕಾಗದವನ್ನು ಹಲಗೆಯ ಮೇಲೆ ಬೋರಲು ಹಾಕಿ ಬೆನ್ನಿನಿಂದ ಉಜ್ಜಿದರೆ ಚಿತ್ರ ಹಲಗೆಯ ಮೇಲೆ ಉಲ್ಟಾ ಮೂಡುತ್ತಿತ್ತು. ಉಲ್ಟಾ ಕೆತ್ತಿದರೆ ಮಾತ್ರ ಅಚ್ಚು ಒತ್ತಿದಾಗ ಸುಲ್ಟಾ, ಅಂದರೆ ಸರಿಯಾಗಿ, ಬರುತ್ತದೆ. ಇದು ನನಗೆ ಎಂಟನೆಯ ವಯಸ್ಸಿಗೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಅವಳ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಸತ್ತುಹೋದ. ತವರಿಗೆ ಬಂದವಳನ್ನು ವಾಪಸು ಕರೆದೊಯ್ಯಲು ಅವಳ ಮೈದುನ ಆಗಾಗ ಬರುತ್ತಿದ್ದ. ಆ ಮನೆಯಲ್ಲಿ ಹನ್ನೊಂದು ಜನ, ಆರು ದನ. ಅಡುಗೆ, ಸಗಣಿ, ಹೊಲ ಎಲ್ಲ ಅವಳ ಮೇಲೆಯೇ. ಅಕ್ಕನಿಗೆ ಹೋಗುವ ಮನಸ್ಸಿರಲಿಲ್ಲ. ಶೇಂಗಾ ಚಟ್ನಿ ಕುಟ್ಟಿ ಪೊಟ್ಟಣ ಮಾಡಿ ಮಾರುತ್ತೇನೆ, ಇಲ್ಲೇ ಇರುತ್ತೇನೆ ಎಂದಳು. ಅಪ್ಪ ಕಡೆಗೆ ಒಪ್ಪಿದ.

"ಸಂತಿಯೊಳಗ ನಿನ್ನ ಪೊಟ್ಟಣ ಮಾರಾಟಾದವಂದ್ರ ನೀ ಇಲ್ಲೇ ಇರವ್ವ. ಇಲ್ಲಾಂದ್ರ ನಿನ್ನ ಮೈದುನಗ ನಾ ಏನಂತ ಹೇಳ್ಲಿ?"

ಗುರುತು ಯಾವುದು ಎಂದಾಗ ಅಕ್ಕ ತನ್ನ ಬಲಗೈಯನ್ನೇ ಚಾಚಿದಳು. ಉಣ್ಣಲು ನೀಡುವ ಕೈ, ಅಂಗೈಯಲ್ಲಿ ಒಂದು ಹಿಡಿ ಚಟ್ನಿ. ಅಪ್ಪ ಅವಳ ಕೈಯನ್ನು ನೋಡಿ ನೋಡಿ ಬರೆದ. ಹಲಗೆಯ ಮೇಲೆ ಉಜ್ಜಿ ಮೂಡಿಸಿ, ಮುಟ್ಟಬೇಡ ಎಂದು ನನಗೆ ಹೇಳಿ, ಉಂಡು ಅಡ್ಡಾದ.

ಅಕ್ಕ ಹಿತ್ತಿಲಲ್ಲಿ ಚಟ್ನಿ ಕುಟ್ಟುತ್ತಿದ್ದಳು. ಹುರಿದ ಶೇಂಗಾ, ಬಳ್ಳೊಳ್ಳಿ, ಒಣ ಖಾರದ ಘಾಟು ಮನೆಯನ್ನೆಲ್ಲ ತುಂಬಿತ್ತು. ಬಿಸಿಲಿಗೆ ನೆಲದ ಪರಸಿ ಬಂಡೆಯೂ ಬೆಚ್ಚಗಾಗಿತ್ತು. ನಾನು ಬೆಲ್ಲ ತಿನ್ನುತ್ತ ಹಲಗೆಯ ಹತ್ತಿರ ಹೋದೆ. ಅಕ್ಕನ ಅಂಗೈ ಮೇಲೆ ನನ್ನ ಅಂಗೈ ಇಟ್ಟು ಅಳೆದು ನೋಡಿದೆ. ಕೈ ಎತ್ತಿದಾಗ ಗೆರೆಗಳೆಲ್ಲ ಬೆವರು ಬೆಲ್ಲಕ್ಕೆ ಹರಡಿ ಕಪ್ಪಗೆ ರಾಡಿಯಾಗಿದ್ದವು.

ಒದ್ದೆ ಬಟ್ಟೆಯಿಂದ ಒರೆಸಿದೆ. ಏನೂ ಉಳಿಯಲಿಲ್ಲ. ಕಾಗದವನ್ನು ಮತ್ತೆ ಬೋರಲು ಹಾಕಿ ಉಜ್ಜಿದೆ. ಸೀಸವೆಲ್ಲ ಮೊದಲೇ ಇಳಿದುಹೋಗಿತ್ತು, ಏನೂ ಮೂಡಲಿಲ್ಲ. ಆಗ ಕಾಗದವನ್ನು ಮೇಲ್ಮುಖವಾಗಿ ಇಟ್ಟು, ಇನ್ನೂ ಮಸುಕಾಗಿ ಕಾಣುತ್ತಿದ್ದ ಗೆರೆಗಳ ಮೇಲೆ ಮೊಳೆಯಿಂದ ಒತ್ತಿದೆ. ಕಾಗದ ತೆಗೆದು ಆ ತಗ್ಗಿನ ಗುಂಟ ಸೀಸದ ಕಡ್ಡಿ ಎಳೆದೆ. ಉಲ್ಟಾ ಇರಬೇಕಿದ್ದ ಕೈ ಸುಲ್ಟಾ ಆಯಿತು. ಕೈ ಕೈಯೇ ಅಲ್ಲವೇ ಎಂದುಕೊಂಡೆ.

ಅಪ್ಪ ಎದ್ದು ಬಂದು, ತಾನೇ ಮೂಡಿಸಿದ ಚಿತ್ರವೆಂದು ನಂಬಿ ಉಳಿ ಹಿಡಿದ. ಕೆತ್ತುವವರು ಇಡೀ ಕೈಯನ್ನು ನೋಡುವುದಿಲ್ಲ, ಉಳಿಯ ತುದಿಯಲ್ಲಿರುವ ಗೆರೆಯನ್ನಷ್ಟೇ ನೋಡುತ್ತಾರೆ. ಎರಡು ದಿನ ಕೆತ್ತಿದ. ಆಮೇಲೆ ಕೆಂಪು ಬಣ್ಣದಲ್ಲಿ ಅದ್ದಿ ಖಾಕಿ ಪೊಟ್ಟಣಗಳ ಮೇಲೆ ಒತ್ತಿ, ಹೊರಸಿನ ಮೇಲೆ ಸಾಲಾಗಿ ಒಣಗಲು ಹಾಕಿದೆವು. ಅಕ್ಕ ನನ್ನ ಗಲ್ಲ ಹಿಡಿದು, ಚಂದ ಆಗೇತಿಲ್ಲೋ ತಮ್ಮಾ ಎಂದಳು. ಎಲ್ಲ ಪೊಟ್ಟಣಗಳ ಮೇಲೂ ಎಡಗೈ ಇರುವುದು ನನಗೆ ಕಾಣುತ್ತಿತ್ತು. ಹೂಂ ಎಂದೆ. ಹೆದರಿಕೆ ಆಗಬೇಕಿತ್ತು. ಏನೂ ಆಗಲಿಲ್ಲ, ಮೈಯೊಳಗೆ ಯಾರೂ ಇಲ್ಲದ ಹಾಗಿತ್ತು.

ಸಂತೆಯಲ್ಲಿ ಬಳೆ ಮಾರುವ ಚಾಚಿಯ ಪಕ್ಕದಲ್ಲಿ ಅಕ್ಕ ಬುಟ್ಟಿ ಇಟ್ಟುಕೊಂಡು ಕೂತಳು. ನಾನು ಅವಳ ಮಗ್ಗುಲಲ್ಲೇ ಇದ್ದೆ. ಮೊದಲು ಬಂದ ಮುದುಕಿ ಪೊಟ್ಟಣ ಎತ್ತಿ ಮೂಸಿದಳು, ಮುಖ ಅರಳಿತು. ಆಮೇಲೆ ಚಿತ್ರ ನೋಡಿದಳು.

"ಯವ್ವಾ ತಂಗಿ, ಎಡಗೈಲೆ ನೀಡಾಕತ್ತೀಯಲ್ಲ. ಹೆಬ್ಬಟ್ಟು ಯಾ ಕಡಿ ಐತಿ ನೋಡು."

ನಮ್ಮ ಕಡೆ ಎಡಗೈಯಿಂದ ಯಾರೂ ಉಣ್ಣಲು ನೀಡುವುದಿಲ್ಲ, ನೀಡಿದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಮುದುಕಿ ಪೊಟ್ಟಣ ಕೆಳಗಿಟ್ಟು ಕೈ ಝಾಡಿಸಿಕೊಂಡು ಹೋದಳು. ಸುತ್ತಲಿನವರು ಬಗ್ಗಿ ನೋಡತೊಡಗಿದರು. ಬಳೆಯ ಚಾಚಿ, ಚಿತ್ರಾ ತಿಂತೀರೇನ್ರಿ, ಚಟ್ನಿ ನೋಡ್ರಿ ಎಂದು ಅಕ್ಕನ ಪರವಾಗಿ ಮಾತಾಡಿದಳು. ಹಂಗಾರ ನೀನೇ ಒಯ್ಯಿ ಬೂಬೂ, ಬಳಿ ಎಡಗೈಗೂ ಹಾಕ್ತೀಯಲ್ಲ ಎಂದು ಒಬ್ಬ ನಗೆಯಾಡಿದ. ಮಧ್ಯಾಹ್ನದ ಹೊತ್ತಿಗೆ ಆ ಸಾಲಿನಲ್ಲಿ 'ಎಡಗೈ ಚಟ್ನಿ' ಎಂಬ ಹೆಸರು ಬಿದ್ದುಬಿಟ್ಟಿತು. ಅಕ್ಕ ತನ್ನ ಬಲಗೈಯನ್ನು ಪೊಟ್ಟಣದ ಪಕ್ಕ ಹಿಡಿದು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದಳು. ಬಿಸಿಲಿಳಿಯುವ ಮೊದಲೇ ಬುಟ್ಟಿಗೆ ಬಟ್ಟೆ ಮುಚ್ಚಿದಳು.

ಮನೆಯಲ್ಲಿ ಅಪ್ಪ ಬಾಗಿಲ ಬೆಳಕಿಗೆ ಕೂತು ಅಚ್ಚನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಇನ್ನೊಂದು ಕೆತ್ತಬಹುದಲ್ಲ ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಹೆಸರು ಬಿತ್ತವ್ವ. ಈಗ ಬಲಗೈ ಹಾಕಿದ್ರೂ ಎಡಗೈ ಚಟ್ನೀನ ಅಂತಾರ," ಎಂದ ಅಪ್ಪ. ಅಚ್ಚನ್ನು ಕೆಳಗಿಟ್ಟು ಹೇಳಿದ, "ನನ್ನ ಕಣ್ಣ ಹೋಗ್ಯಾವ. ನನಗ ತಿಳೀಲೇ ಇಲ್ಲ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಹೇಳಲಿಲ್ಲ.

ಆ ವಾರವೇ ಮೈದುನ ಬಂದ. ಅಕ್ಕ ಟ್ರಂಕು ಹಿಡಿದು ಬಸ್ಸು ಹತ್ತಿದಳು. ನಾನು ಅಳಲಿಲ್ಲ. ಅಪ್ಪ ಸಣ್ಣ ಉಳಿಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅಚ್ಚು ಬೇಕೆಂದು ಬಂದವರಿಗೆಲ್ಲ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸಿದ. ಬಾಗಿಲು, ಹೊರಸು ಮಾಡಿಕೊಂಡು ದಿನ ಕಳೆದ. ಆದರೆ ಸುರಪುರದ ಕಡೆಯಿಂದ ಬರುವ ಬಸ್ಸಿನ ಹಲಗೆಯನ್ನು ನನಗಿಂತ ಮೊದಲು ಓದುತ್ತಿದ್ದವನು ಅವನೇ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಈಗ ನಾನು ಯಾದಗಿರಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಕಂಪ್ಯೂಟರಿನಲ್ಲಿ ಚಹಾ ಅಂಗಡಿ, ಟೇಲರ್ ಅಂಗಡಿ, ಖಾನಾವಳಿಗಳಿಗೆ ಗುರುತು ಮಾಡಿಕೊಡುತ್ತಾಳೆ. ಹೋದ ತಿಂಗಳು ಒಂದು ಖಾನಾವಳಿಯ ಚೀಲಗಳಿಗೆ ಬೇರೆ ಚಿತ್ರ ಅಚ್ಚಾಗಿ ಬಂದಿತ್ತು. ಅವಳು ನೋಡಿದ ಕೂಡಲೇ ನನ್ನೆದುರಿಗೇ ಖಾನಾವಳಿ ನಡೆಸುವ ಹೆಂಗಸಿಗೆ ಫೋನು ಹಚ್ಚಿದಳು.

"ಅಕ್ಕಾರ, ಹಳೀ ಚಿತ್ರ ಕಳಿಸಿಬಿಟ್ಟೀನ್ರಿ. ತಪ್ಪು ನಂದೇ. ಮತ್ತ ಮಾಡಿಸಿ ಕೊಡ್ತೀನಿ."

ಆ ಕಡೆಯವರು ಒಂದಿಷ್ಟು ಬೈದರು. ಆಮೇಲೆ ಊಟ ಆಯಿತೇ ಎಂದು ಕೇಳಿದರು. ನನ್ನ ಚಹಾ ಇನ್ನೂ ಆರಿರಲಿಲ್ಲ.

ಮರುವಾರ ನಾನು ಅಕ್ಕನ ಊರಿಗೆ ಹೋದೆ. ಅವಳಿಗೀಗ ಎಂಬತ್ತು ದಾಟಿದೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಬೆಲ್ಲ, ಒದ್ದೆ ಬಟ್ಟೆ, ಮೊಳೆ, ಎಲ್ಲ. ಬೇಳೆಯ ಮೇಲೆ ಅವಳ ಬೆರಳುಗಳು ನಿಂತವು.

"ಅಪ್ಪಗ ಹೇಳಿದ್ದೇನು?"

ಇಲ್ಲ ಎಂದೆ.

"ಅಂವ ಸಾಯೋತನಕ ಕಣ್ಣಿಗೆ ಔಷಧ ಹಾಕ್ಕೊಂಡ," ಎಂದಳು ಅಕ್ಕ. ಮತ್ತೆ ಹರಳು ಆರಿಸತೊಡಗಿದಳು.

ಮಕ್ಕಳೇ, ನಿಮ್ಮ ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಎಡಗೈ ಬಲಗೈಯಾಗುತ್ತದಂತೆ. ಮೊಮ್ಮಗಳು ತೋರಿಸಿದಳು, ನೋಡಿದೆ. ನಮ್ಮ ಮನೆಯಲ್ಲಿ ಅಂಥ ಗುಂಡಿ ಇರಲಿಲ್ಲ. ಆದರೆ ಅಪ್ಪ ಎದ್ದು ಬಂದು ಉಳಿ ಹಿಡಿಯುವವರೆಗೆ ಒಂದು ಮಧ್ಯಾಹ್ನ ಪೂರ್ತಿ ಇತ್ತು, ಕೆತ್ತಿದ ಎರಡು ದಿನಗಳಿದ್ದವು, ಸಂತೆಯ ಹಿಂದಿನ ಸಂಜೆ ಇತ್ತು. ಫೋನಿನಲ್ಲಿ ಆ ಹುಡುಗಿ ಆಡಿದಷ್ಟೇ ಮಾತು ಸಾಕಾಗುತ್ತಿತ್ತು. ಅಪ್ಪ ಬೈಯುತ್ತಿದ್ದ, ಒಂದು ಹೊಡೆಯುತ್ತಿದ್ದ, ಆಮೇಲೆ ಬೇರೆ ಹಲಗೆ ತೆಗೆದುಕೊಳ್ಳುತ್ತಿದ್ದ.